ಅಪ್ಪ ಕಟ್ಟಿದ ಮೊಣಕಾಲು

ನಮ್ಮಪ್ಪ ಎಲುಬು ಕಟ್ಟುವವನಾಗಿದ್ದ. ಐರಣಿಯಲ್ಲಿ ಹೊಳೆಯ ಕಡೆ ನಮಗೆ ಒಂದಿಷ್ಟು ಹೊಲವಿತ್ತು, ಅದನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಅಪ್ಪನ ಹೊತ್ತೆಲ್ಲ ಕೈಕಾಲು ಮುರಿದುಕೊಂಡು ಬಂದವರ ಜೊತೆಗೇ ಹೋಗುತ್ತಿತ್ತು. ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಎತ್ತಿನ ಒದೆ ತಿಂದವರು, ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಜಾರಿದವರು, ಎಲ್ಲರೂ ನಮ್ಮ ಮನೆ ಕಟ್ಟೆಯ ಮೇಲೆ ಕೂತು ನರಳುತ್ತಿದ್ದರು. ನಾವು ಉಣ್ಣಲು ಕೂತಾಗ ಹೊರಗಿನಿಂದ "ಯಪ್ಪಾ, ಸತ್ನೆಪ್ಪೋ" ಎಂಬ ಕೂಗು ಬಂದರೂ ರೊಟ್ಟಿ ಮುರಿಯುವುದನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಅಷ್ಟು ರೂಢಿಯಾಗಿತ್ತು.

ನಮ್ಮ ಮನೆಯಲ್ಲಿ ಕೋಳಿಯ ತತ್ತಿ ತಿನ್ನುವುದಿಲ್ಲ. ಆದರೆ ಕಟ್ಟು ಹಾಕಲು ತತ್ತಿಯ ಬಿಳಿ ಬೇಕು. ಅದರಲ್ಲಿ ಉದ್ದಿನ ಹಿಟ್ಟು ಕಲಸಿ, ಹಳೆಯ ಧೋತರದ ಪಟ್ಟಿಗೆ ಬಳಿದು, ಸುತ್ತ ಬಿದಿರಿನ ದಬ್ಬೆ ಇಟ್ಟು ಅಪ್ಪ ಬಿಗಿಯುತ್ತಿದ್ದ. ಒಣಗಿದ ಮೇಲೆ ಅದು ಕಲ್ಲಿನ ಹಾಗೆ ಗಟ್ಟಿ. ಅವ್ವನಿಗೆ ಆ ತತ್ತಿಗಳನ್ನು ಕಂಡರಾಗದು. ಅವು ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ, ಪಡಸಾಲೆಯ ಮೂಲೆಯಲ್ಲಿ ಜೋಳದ ಬುಟ್ಟಿಯೊಳಗೆ ಕೂತಿರುತ್ತಿದ್ದವು. ಮುಂದೆ ನಾನು ಕ್ರೀಡಾ ಹಾಸ್ಟೆಲ್ ಸೇರಿದಾಗ ಅಲ್ಲಿ ದಿನಾ ಬೆಳಿಗ್ಗೆ ತತ್ತಿ ತಿನ್ನಲೇಬೇಕಿತ್ತು. ಮೊದಲ ದಿನ ತಟ್ಟೆಯಲ್ಲಿ ಅದನ್ನು ನೋಡಿದಾಗ, ಯಾರದೋ ಮುರಿದ ಕೈಯನ್ನೇ ತಿನ್ನುತ್ತಿದ್ದೇನೆ ಅನಿಸಿತು.

ಅಪ್ಪ ಯಾರಿಂದಲೂ ಏನೂ ಕೇಳುತ್ತಿರಲಿಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ, ಅಷ್ಟೇ. ಆದರೆ ಒಂದು ಕಟ್ಟುಪಾಡು ಮಾತ್ರ ಬಿಡುತ್ತಿರಲಿಲ್ಲ. ಅಂವ ಹಾಕಿದ ಕಟ್ಟನ್ನು ಅಂವನೇ ಬಿಚ್ಚಬೇಕು, ಅಲ್ಲಿಯವರೆಗೆ ಇನ್ನೊಬ್ಬರು ಅದನ್ನು ಮುಟ್ಟಬಾರದು. ಬೇರೆ ಕೈ ತಾಗಿದರೆ ಕೈಗುಣ ಕೆಡುತ್ತದೆ ಎನ್ನುವುದು ಅಜ್ಜನ ಕಾಲದಿಂದ ಬಂದದ್ದು. ಕಟ್ಟು ಹಾಕಿಸಿಕೊಂಡು ಹೋಗಿ ದವಾಖಾನೆಯಲ್ಲಿ ತೋರಿಸಿದವನು ಮತ್ತೆ ನಮ್ಮ ಕಟ್ಟೆ ಹತ್ತುವ ಹಾಗಿರಲಿಲ್ಲ. ಸುತ್ತಲಿನ ಊರವರಿಗೆಲ್ಲ ಇದು ಗೊತ್ತಿತ್ತು, ಯಾರೂ ಮೀರುತ್ತಿರಲಿಲ್ಲ.

ನಾನು ಹೈಸ್ಕೂಲು ಓದಿದ್ದು ಹಲಗೇರಿಯಲ್ಲಿ, ಸೋದರತ್ತೆಯ ಮನೆಯಲ್ಲಿದ್ದುಕೊಂಡು. ಅಲ್ಲಿ ನನ್ನನ್ನು ವಾಲಿಬಾಲಿಗೆ ಹಚ್ಚಿದವರು ಪಿ.ಟಿ. ಮಾಸ್ತರು. ಎತ್ತರಕ್ಕಿದ್ದೇನೆ ಎಂದು ಸ್ಮ್ಯಾಶ್ ಹೊಡೆಯಲು ನಿಲ್ಲಿಸಿದರು. ನಾನು ಹೊಡೆದ ಚೆಂಡೆಲ್ಲ ಪಕ್ಕದ ಗೋವಿನಜೋಳದ ಹೊಲಕ್ಕೆ ಹೋಗಿ ಬೀಳುತ್ತಿತ್ತು. ಹುಡುಕಿ ಹುಡುಕಿ ಬೇಸತ್ತ ಮಾಸ್ತರು, "ನೀ ಹೊಡೀಬ್ಯಾಡವ್ವ ತಾಯಿ, ಹೊಡೆಯೋರಿಗೆ ಎತ್ತಿ ಕೊಡು" ಎಂದರು. ಹಾಗೆ ನಾನು ಲಿಫ್ಟರ್ ಆದೆ. ನೆಟ್ಟಿನ ಹತ್ತಿರ ನಿಂತು, ಬಂದ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿದೂ ಹಿಡಿಯದ ಹಾಗೆ ಎತ್ತಿ, ಹೊಡೆಯುವವಳ ಕೈಗೆ ಸರಿಯಾಗಿ ಸಿಗುವಲ್ಲಿ ಬಿಡುವುದು ಲಿಫ್ಟರಿನ ಕೆಲಸ. ಚಪ್ಪಾಳೆಯೆಲ್ಲ ಸ್ಮ್ಯಾಶ್ ಹೊಡೆದವಳಿಗೆ. ಎತ್ತಿ ಕೊಟ್ಟವಳ ಕಡೆ ಯಾರೂ ನೋಡುವುದಿಲ್ಲ. ಇದರ ಮೇಲೆ ನನಗೆ ಮೊದಮೊದಲು ಭಾರಿ ಸಿಟ್ಟಿತ್ತು, ಆಮೇಲೆ ಅದೇ ಹಿತವೆನಿಸತೊಡಗಿತು. ಆಟವೆಲ್ಲ ನನ್ನ ಕೈಯಿಂದಲೇ ಹಾದುಹೋಗಬೇಕಲ್ಲ.

ಬೆರಳು ಅಪ್ಪನವು ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪನೂ ಹಾಗೇ ನಂಬಿದ್ದ. ರಜೆಗೆ ಊರಿಗೆ ಹೋದಾಗ ನನ್ನ ಕೈ ಹಿಡಿದು ಒಂದೊಂದೇ ಬೆರಳನ್ನು ಎಳೆದು ನೋಡಿ, "ಇವಕ್ಕ ಏನೂ ಆಗಬಾರದು, ರೊಟ್ಟಿ ಬಡಿಯೂದು ಬ್ಯಾಡ, ಕಟ್ಟಿಗಿ ಒಡಿಯೂದು ಬ್ಯಾಡ" ಎಂದು ಅಪ್ಪಣೆ ಮಾಡುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ, "ಹೌದ್ ಹೌದು, ಗಾಜಿನ ಡಬ್ಬಿಯೊಳಗ ಇಡ್ರಿ ಮಗಳನ್ನ" ಎನ್ನುತ್ತಿದ್ದಳು.

ಹಾಸ್ಟೆಲ್ ಆಯಿತು, ರಾಜ್ಯದ ತಂಡ ಆಯಿತು, ಆಟದ ಮೇಲೆಯೇ ಒಂದು ಇಲಾಖೆಯಲ್ಲಿ ನೌಕರಿಯೂ ಸಿಕ್ಕಿತು. ನೌಕರಿ ಎಂದರೆ ಇಲಾಖೆಯ ತಂಡಕ್ಕೆ ಆಡುವುದು. ಬೆಳಗು ಬೈಗು ಮೈದಾನ, ವರ್ಷದ ಅರ್ಧ ರೈಲು. ಯಾವ ಯಾವುದೋ ಊರಿನ ಶಾಲೆಯ ಕೋಣೆಗಳಲ್ಲಿ ಹಾಸಿಗೆ ಹಾಸಿ ಮಲಗಿದ್ದೇವೆ, ಒದ್ದೆ ಬಟ್ಟೆಯನ್ನು ರೈಲಿನ ಕಿಟಕಿಯ ಸರಳಿಗೆ ಕಟ್ಟಿ ಒಣಗಿಸಿದ್ದೇವೆ. ಹನ್ನೆರಡು ಜನ ಹುಡುಗಿಯರು ಒಂದೇ ಬಾಟಲಿ ಎಣ್ಣೆಯಲ್ಲಿ ತಲೆ ಬಾಚಿಕೊಂಡು ಅಂಗಳಕ್ಕಿಳಿಯುತ್ತಿದ್ದೆವು. ಅದರಷ್ಟು ಸುಖವನ್ನು ನಾನು ಮತ್ತೆ ಕಂಡಿಲ್ಲ. ಇದನ್ನು ನನ್ನ ಗಂಡನ ಎದುರಿಗೂ ಹೇಳುತ್ತೇನೆ, ಅವರು ನಗುತ್ತಾರೆ.

ಆಮೇಲೆ ದೇಶದ ತಂಡದ ಕ್ಯಾಂಪಿಗೆ ಕರೆ ಬಂತು. ಅಲ್ಲಿ ಆಯ್ಕೆಯಾದರೆ ಭಾರತದ ಜರ್ಸಿ. ನಮ್ಮ ಜಿಲ್ಲೆಯ ಹುಡುಗಿಗೆ ಇಷ್ಟು ದೊಡ್ಡ ಮಾನ ಬಂದಾಗ ಜನ ಸುಮ್ಮನಿರುತ್ತಾರೆಯೇ? ಬ್ಯಾಡಗಿಯಲ್ಲಿ ಒಂದು ಸನ್ಮಾನ ಇಟ್ಟುಕೊಂಡರು. ಮೆಣಸಿನಕಾಯಿ ಸುಗ್ಗಿಯ ದಿನಗಳು, ಊರಿಡೀ ಘಾಟು. ಶಾಲು ಹೊದಿಸುವವರೂ ಸೀನುತ್ತಿದ್ದರು, ಹೊದಿಸಿಕೊಳ್ಳುವವಳೂ ಸೀನುತ್ತಿದ್ದಳು. ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಹಾಕಿದರು. ಮಾತೆಲ್ಲ ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು, "ಬರೇ ಶಾಲು ಹೊಚಗೊಂಡು ಹೋದ್ರ ಹೆಂಗ್ರಿ? ನಮ್ಮ ಹುಡುಗ್ಯಾರ ಜೋಡಿ ಒಂದ ಸೆಟ್ ಆಡ್ರಿ, ಕಣ್ಣತುಂಬ ನೋಡ್ತೇವಿ" ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ಖುಷಿಯಿಂದಲೇ ಬೂಟು ಕಟ್ಟಿದೆ.

ಚೆಂಡು ನೆಟ್ಟಿಗೆ ತೀರ ಹತ್ತಿರ ಬಂತು. ಹಾರಿ ಎತ್ತಿಕೊಟ್ಟೆ. ಕೆಳಗೆ ಬರುವಾಗ ಎದುರಿನ ತಂಡದ ಹುಡುಗಿಯ ಪಾದ ನೆಟ್ಟಿನ ಅಡಿಯಿಂದ ಈಚೆ ಬಂದಿತ್ತು. ನನ್ನ ಹೆಜ್ಜೆ ಅದರ ಮೇಲೆ ಬಿತ್ತು, ಮೊಣಕಾಲು ಒಳಗಡೆ ತಿರುಗಿತು. ಹಸಿ ಕಡ್ಡಿ ಮುರಿದ ಹಾಗೆ ಒಂದು ಸಪ್ಪಳವಾಯಿತು. ಅದು ನನಗೊಬ್ಬಳಿಗೇ ಕೇಳಿಸಿತು ಎಂದು ತಿಳಿದಿದ್ದೆ, ಆಮೇಲೆ ನೋಡಿದರೆ ಸುತ್ತ ನಿಂತವರಿಗೂ ಕೇಳಿಸಿತ್ತಂತೆ.

ಹಾವೇರಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಎಕ್ಸರೇ ನೋಡಿ, ಎಲುಬು ಮುರಿದಿಲ್ಲ, ಆದರೆ ಒಳಗೆ ಏನಾಗಿದೆಯೋ ಇದರಲ್ಲಿ ಕಾಣುವುದಿಲ್ಲ, ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಅಷ್ಟರಲ್ಲಿ ಅಣ್ಣ ಅಪ್ಪನನ್ನು ಕರೆದುಕೊಂಡು ಬಂದ. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಬಾತ ಮೊಣಕಾಲಿನ ಮೇಲೆ ಕೈ ಇಟ್ಟ. ಅಂವನ ಕೈ ತಾಗಿದ್ದೇ ನನಗೆ ಅಳು ಬಂತು. ಅಲ್ಲಿಯವರೆಗೆ ತಡೆದುಕೊಂಡಿದ್ದೆ.

"ಎಲುಬು ಗಟ್ಟಿ ಐತಿ. ನರ ಸರದೈತಿ, ಅಷ್ಟ. ಅಳಬ್ಯಾಡ," ಎಂದ.

"ಕ್ಯಾಂಪ್ ಐತೆಪ್ಪಾ."

"ಕ್ಯಾಂಪಿಗೆ ನಾ ಕಳಸ್ತೇನಿ. ನನ್ನ ಮಗಳ ಕಾಲಿಗೆ ಮಂದಿ ಕೈ ಹಚ್ಚಾಕ ಬಿಡ್ತೇನೇನು?"

ಮಂದಿಯ ಮಕ್ಕಳ ಕೈಕಾಲು ಕಟ್ಟಿ ನೆಟ್ಟಗೆ ಮಾಡಿದವನು ಸ್ವಂತ ಮಗಳನ್ನು ಬೇರೆಯವರ ಕೈಗೆ ಕೊಡುವುದು ಹೇಗೆ? ಅದು ಅಂವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಹುಟ್ಟಿದಾಗಿನಿಂದ ಆ ಕೈ ಸೋತದ್ದನ್ನು ನೋಡಿರಲಿಲ್ಲ. ಐರಣಿಗೆ ಹೋದೆವು. ಅಪ್ಪ ಅವತ್ತು ಬುಟ್ಟಿಯಿಂದ ತತ್ತಿಗಳನ್ನು ಎತ್ತಿ ಎತ್ತಿ ನೋಡಿ ಒಳ್ಳೆಯವನ್ನು ಆರಿಸಿದ. ಹಳೆಯ ಬಟ್ಟೆ ಬೇಡವೆಂದು ತನ್ನ ಹೊಸ ಧೋತರವನ್ನೇ ಹರಿದ.

ನಮ್ಮ ತಂಡದ ಕೋಚ್ ಮೇಡಂ ಬೆಂಗಳೂರಿನವರು. ದಿನಾ ಫೋನ್ ಮಾಡುತ್ತಿದ್ದರು. "ಸ್ಕ್ಯಾನ್ ಮಾಡಿಸಿದ್ಯಾ? ಯಾರ ಮಾತೂ ಕೇಳ್ಬೇಡ, ಮೊದ್ಲು ಸ್ಕ್ಯಾನ್ ಮಾಡ್ಸು." ನಾನು ಹೂಂ ಅನ್ನುತ್ತಿದ್ದೆ. ಕಟ್ಟು ಬಿಚ್ಚದೆ ಸ್ಕ್ಯಾನ್ ಮಾಡಲಾಗದು, ಅಪ್ಪನ ಹೊರತು ಬೇರೆಯವರು ಬಿಚ್ಚುವಂತಿಲ್ಲ. ಇದನ್ನು ಬೆಂಗಳೂರಿನವರಿಗೆ ಹೇಗೆ ತಿಳಿಸಿ ಹೇಳುವುದು? ಆಮೇಲೆ ಅಪ್ಪ ಕಟ್ಟು ಬಿಚ್ಚಿದ. ಬಾವು ಪೂರ್ತಿ ಇಳಿದಿತ್ತು, ನೋವಿರಲಿಲ್ಲ. ಔಡಲೆಣ್ಣೆ ಹಚ್ಚಿ ದಿನಾ ತಿಕ್ಕಿದ. ನಾನು ನಡೆದೆ, ಹೊಳೆಯ ದಂಡೆಯಲ್ಲಿ ಮೆಲ್ಲಗೆ ಓಡಿದೆ. ನೋವೇ ಇಲ್ಲದ ಮೇಲೆ ಸ್ಕ್ಯಾನ್ ಯಾಕೆ ಎಂದು ಎಲ್ಲರಿಗೂ ಅನಿಸಿತು. ನಾನು ಹೊರಡುವ ದಿನ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ, "ನಮ್ಮ ಹುಡುಗಿ ಭಾರತಕ್ಕ ಆಡಾಕ ಹೊಂಟಾಳ" ಎಂದು ಹೇಳಿಕೊಂಡು ತಿರುಗಿದ. ನಾಚಿಕೆಯಿಂದ ನಾನು ಬಸ್ಸಿನೊಳಗೆ ತಲೆ ತಗ್ಗಿಸಿ ಕೂತಿದ್ದೆ.

ಕ್ಯಾಂಪಿನಲ್ಲಿ ಮೊದಲ ದಿನಗಳು ಚೆನ್ನಾಗಿಯೇ ಹೋದವು. ಆಮೇಲೊಂದು ಬೆಳಿಗ್ಗೆ, ಸುಮ್ಮನೆ ಅಭ್ಯಾಸಕ್ಕೆಂದು ಹಾರಿ ನೆಲಕ್ಕಿಳಿದೆ. ಯಾರ ಪಾದವೂ ಅಡ್ಡ ಬಂದಿರಲಿಲ್ಲ. ಕಾಲು ನನ್ನದೇ ಅಲ್ಲವೆನ್ನುವಂತೆ ಮಡಚಿಕೊಂಡಿತು.

ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಡಾಕ್ಟರು ನಮ್ಮ ಕಡೆಯವರೇ, ಬಿಡಿಸಿ ಹೇಳಿದರು. ಮೊಣಕಾಲನ್ನು ಹಿಡಿದಿಡುವ ನಾರು ಬ್ಯಾಡಗಿಯಲ್ಲಿಯೇ ಹರಿದಿತ್ತು. ಅದು ತಾನಾಗಿ ಕೂಡುವಂಥದ್ದಲ್ಲ, ಎಷ್ಟು ಬಿಗಿದು ಕಟ್ಟಿದರೂ ಕೂಡುವುದಿಲ್ಲ. ಹರಿದ ನಾರಿನ ಮೇಲೆ ಆಡಿದ್ದರಿಂದ ಎಲುಬಿನ ನಡುವಿನ ಗಾದಿಯೂ ಹರಿದು ಚಿಂದಿಯಾಗಿತ್ತು.

"ಕಟ್ಟಿದ್ದಕ್ಕ ಹಿಂಗಾತೇನ್ರಿ?" ಎಂದು ಕೇಳಿದೆ.

"ಕಟ್ಟಿದ್ದಕ್ಕ ಅಲ್ಲವ್ವ. ಆರಾಮಾತು ಅಂತ ಆಡಾಕ ಬಿಟ್ಟದ್ದಕ್ಕ. ಮೊದಲ ಬಂದಿದ್ರ ಪೂರಾ ಸರಿ ಮಾಡಬಹುದಿತ್ತು. ಈಗ ನಡೀತಿ, ಕೆಲಸಾ ಮಾಡ್ತಿ. ಆ ಮಟ್ಟದ ಆಟ ಆಗೂದಿಲ್ಲ."

ಹೊರಗೆ ಬೆಂಚಿನ ಮೇಲೆ ಅಣ್ಣ ಕೂತಿದ್ದ. ಅವನಿಗೆ ಎಲ್ಲ ತಿಳಿಸಿ ನಾನು ಕೇಳಿಕೊಂಡದ್ದು ಒಂದೇ ಮಾತು: ಅಪ್ಪನಿಗೆ ಇದು ಗೊತ್ತಾಗಬಾರದು. ಆಟ ಹೋದದ್ದು ಹೋಯಿತು. ಅದರ ಜೊತೆ ಅಪ್ಪನೂ ಹೋಗುವುದು ಬೇಡ. ತನ್ನ ಕೈಯಿಂದಲೇ ಮಗಳ ಆಟ ಮುಗಿಯಿತು ಎಂದು ತಿಳಿದರೆ ಅಂವ ತಡೆದುಕೊಳ್ಳುವವನಲ್ಲ. ಅಣ್ಣ ದೇವರ ಮೇಲೆ ಆಣೆ ಮಾಡಿದ. ಊರಿಗೆ ಹೋದಾಗ ನಾನು ಅಪ್ಪನ ಎದುರು ಕೂತು, "ಅಲ್ಲಿ ಹೊಸದಾಗಿ ಬಿದ್ದೆಪ್ಪಾ. ನೀ ಕಟ್ಟಿದ ಜಾಗ ಗಟ್ಟಿ ಐತಿ ಅಂತ ಡಾಕ್ಟರ್ ಹೇಳಿದ್ರು. ಇದು ಬ್ಯಾರೇ ಪೆಟ್ಟು" ಎಂದೆ. ಸುಳ್ಳು ಹೇಳಿ ಗೊತ್ತಿಲ್ಲದ ನಾನು ಅದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಪ್ಪ ಕೇಳಿಸಿಕೊಂಡ. "ಹೌದೇನು" ಎಂದ.

ಅಪ್ಪನ ಮೇಲೆ ಸಿಟ್ಟು ಬರಲಿಲ್ಲವೇ ಎಂದರೆ, ಬಂದಿತ್ತು. ಇಲ್ಲ ಎನ್ನುವುದು ಸುಳ್ಳಾದೀತು. ವರ್ಷದ ಮೇಲೆ ತಂಡಕ್ಕೆ ಮರಳಿದೆ. ನನ್ನ ಜಾಗದಲ್ಲಿ ಚಿಕ್ಕ ವಯಸ್ಸಿನ ಹುಡುಗಿ ನಿಂತಿದ್ದಳು, ನಾನು ಬೆಂಚಿನ ಮೇಲೆ ನೀರಿನ ಬಾಟಲಿ ಹಿಡಿದು ಕೂತೆ. ಚೆಂಡು ಎತ್ತಲು ಕೈ ಬರುತ್ತಿತ್ತು, ಹಾರಲು ಕಾಲು ಒಪ್ಪುತ್ತಿರಲಿಲ್ಲ. ಅಂಥ ದಿನಗಳಲ್ಲಿ ಒಂದು ಚೀಟಿ ಹಿಡಿದು ಹುಬ್ಬಳ್ಳಿಗೆ ಹೋಗಿದ್ದರೆ ಸಾಕಿತ್ತಲ್ಲ, ಯಾಕಪ್ಪಾ, ಎಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಕೊನೆಗೆ ತಂಡದವರು ಒಂದು ಗೋಡೆ ಗಡಿಯಾರ ಕೊಟ್ಟು ಬೀಳ್ಕೊಟ್ಟರು. ಈಗ ಹಾವೇರಿಯ ಕಚೇರಿಯಲ್ಲಿ ಟಪಾಲು ವಿಭಾಗ ನನ್ನದು. ರಾಣೆಬೆನ್ನೂರಿನಲ್ಲಿ ಮನೆ, ದಿನಾ ಬಸ್ಸು. ನಾನು ಆಡುತ್ತಿದ್ದೆ ಎನ್ನುವುದು ಕಚೇರಿಯ ಹೊಸ ಹುಡುಗರಿಗೆ ಗೊತ್ತೂ ಇಲ್ಲ.

ಊರಿನಲ್ಲಿ ಅಪ್ಪ ಮೆಲ್ಲಮೆಲ್ಲಗೆ ಕಟ್ಟುವುದನ್ನು ಬಿಟ್ಟ. ಬಂದವರಿಗೆ "ಕಣ್ಣ ಮಂಜಾಗ್ಯಾವ, ಕೈ ನಡಗತಾವ, ದವಾಖಾನಿಗೆ ಹೋಗ್ರಿ" ಎನ್ನುತ್ತಿದ್ದ. ವಯಸ್ಸಾಯಿತು ಎಂದುಕೊಂಡೆ. ಅವ್ವ ಮಾತ್ರ ಒಮ್ಮೆ, "ಕಣ್ಣ ಮಂಜಾಗಿದ್ರ ಅಕ್ಕಿಯೊಳಗಿನ ಹಳ್ಳು ಹೆಂಗ ಕಾಣ್ತಾವ ನಿಮ್ಮಪ್ಪಗ? ನನಕಿಂತ ಚೊಲೋ ಆರಸ್ತಾನ" ಎಂದಳು. ತತ್ತಿಯ ಬುಟ್ಟಿಯಲ್ಲಿ ಬರೀ ಜೋಳ ಉಳಿಯಿತು.

ಮೊನ್ನೆ ಬೇಸಿಗೆಯಲ್ಲಿ, ಒಂದು ಭಾನುವಾರ ನಾನು ಊರಿಗೆ ಹೋಗಿದ್ದೆ. ಮಧ್ಯಾಹ್ನ ಕುಪ್ಪೇಲೂರಿನಿಂದ ಗಂಡ ಹೆಂಡತಿ ಇಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹೈಸ್ಕೂಲಿನ ಹುಡುಗಿ, ಮೊಣಕಾಲು ಬಾತಿತ್ತು. ಶಾಲೆಯ ವಾಲಿಬಾಲ್ ತಂಡದಲ್ಲಿ ಆಡುವಾಗ ಬಿದ್ದಳಂತೆ. ನಾನು ಒಳಗೆ ಹಪ್ಪಳದ ಹಿಟ್ಟು ನಾದುತ್ತಿದ್ದೆ, ಕಟ್ಟೆಯ ಮೇಲಿನ ಮಾತೆಲ್ಲ ಕೇಳಿಸುತ್ತಿತ್ತು.

"ನಾ ಕಟ್ಟೂದು ಬಿಟ್ಟೇನ್ರಿ," ಎಂದ ಅಪ್ಪ.

"ಹಂಗನಬ್ಯಾಡ್ರಿ ಕಾಕಾ. ಭಾಳ ಆಸೆ ಇಟಗೊಂಡು ಬಂದೇವಿ. ನಮ್ಮಪ್ಪನ ಕಾಲು ನೀವ ಕಟ್ಟೀರಿ. ಒಮ್ಮೆ ಬರೇ ಕೈ ಆಡಸ್ರಿ."

ಅಪ್ಪ ಹೇಳಿದ: "ಎಲುಬು ಮುರದಿದ್ರ ಕಟ್ಟತಿದ್ದೆ. ಇದು ಎಲುಬಲ್ಲ, ಒಳಗಿನ ನಾರು. ಇದು ನಮ್ಮ ಕೈಗೆ ಬರೂದಿಲ್ಲ. ಕಟ್ಟಿದ್ರ ಬಾವು ಇಳಿತೈತಿ, ನೋವು ಹೋಗತೈತಿ, ಆರಾಮಾತು ಅಂತ ನಾವು ಮೋಸ ಹೋಗ್ತೇವಿ. ಹುಡುಗಿ ಆಟ ಹೋಗತೈತಿ. ನಾ ಒಬ್ಬಾಕಿದು ಕಳದೇನಿ. ಇವತ್ತ ಹುಬ್ಬಳ್ಳಿಗೆ ಹೋಗ್ರಿ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಆ ಮಾತುಗಳು ಡಾಕ್ಟರು ಹೇಳಿದ್ದವು, ನಾನು ಮತ್ತು ಅಣ್ಣ ಬಿಟ್ಟರೆ ಯಾರೂ ಕೇಳದವು. ಹೊರಗೆ ಹೋಗಿ ಅವರನ್ನು ಕೂರಿಸಿ, ನಾಳೆ ನಾನೇ ಜೊತೆಗೆ ಬರುತ್ತೇನೆ ಎಂದು ಹೇಳಿ ಕಳಿಸಿದೆ. ಆಮೇಲೆ ಅಪ್ಪನ ಎದುರು ನಿಂತೆ.

"ನಿನಗ ಯಾರು ಹೇಳಿದ್ರು? ಅಣ್ಣ ಹೇಳಿದ್ನೇನು?"

"ಅಂವ ಏನ ಹೇಳ್ತಾನ. ನಾನ ಹೋಗಿದ್ದೆ ಹುಬ್ಬಳ್ಳಿಗೆ, ನೀ ಆಪರೇಶನ್ ಮಾಡಿಸಿಕೊಂಡ ತಿಂಗಳದಾಗ. ಡಾಕ್ಟರ್ ಒಳ್ಳೆಯವರು, ಕುಂದ್ರಿಸಿ ಚಾ ಕೊಟ್ರು. ಸುಳ್ಳ ಹೇಳಲಿಲ್ಲ."

"ಮತ್ತ ಇಷ್ಟ ವರ್ಷ ಯಾಕ ಸುಮ್ಮನಿದ್ದಿ?"

ಅಪ್ಪ ನನ್ನ ಮುಖ ನೋಡಲಿಲ್ಲ. "ನೀ ಅಷ್ಟು ಕಷ್ಟಪಟ್ಟು ಸುಳ್ಳ ಹೇಳಿದ್ದಿ. ಕೆಡಸಬಾರದು ಅನಿಸ್ತು," ಎಂದ.

ಮರುದಿನ ಆ ಹುಡುಗಿಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಅದೇ ಡಾಕ್ಟರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಹುಡುಗಿಯ ಸ್ಕ್ಯಾನ್ ನೋಡಿ, ಸಮಯಕ್ಕೆ ಬಂದಿದ್ದಾಳೆ, ಸರಿ ಮಾಡಬಹುದು, ಆಡುತ್ತಾಳೆ ಎಂದರು. ನನ್ನ ಗುರುತು ಹತ್ತಿತು. "ನಿಮ್ಮ ತಂದೆಯವರು ಆರಾಮ ಇದ್ದಾರೇನವಾ? ಅವರನ್ನ ನಾ ಮರಿಯೂದಿಲ್ಲ," ಎಂದರು. ಅವತ್ತು ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಅಪ್ಪ ಅಲ್ಲೇ, ಆ ಕುರ್ಚಿಯಲ್ಲೇ ಕೂತು, ಧೋತರವನ್ನು ಮೊಣಕಾಲಿನ ಮೇಲಕ್ಕೆ ಸರಿಸಿ ಕಾಲು ಮುಂದೆ ಚಾಚಿದನಂತೆ. "ನನ್ನ ಕಾಲಾಗಿಂದು ತಗದು ಅಕಿಗೆ ಹಾಕ್ರಿ ಸಾಹೇಬ್ರ. ನಾ ಇನ್ನ ಎಲ್ಲಿ ಜಿಗಿಯೂದೈತಿ" ಎಂದನಂತೆ. ಹಾಗೆ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಚಾಚಿದ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲವಂತೆ. ಹೊರಗೆ ಕಾಯುವವರು ಗದ್ದಲ ಮಾಡಿದ ಮೇಲೆ ಎದ್ದನಂತೆ.

ಹುಡುಗಿಯನ್ನು ಅವಳ ತಂದೆ ತಾಯಿಯ ಜೊತೆ ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದೆ. ರಾಣೆಬೆನ್ನೂರಿನಲ್ಲಿ ಇಳಿದು ಮನೆಗೆ ಹೋಗಲಿಲ್ಲ, ನೆಟ್ಟಗೆ ಐರಣಿಗೆ ಹೋದೆ. ಇನ್ನೂ ಬಿಸಿಲಿತ್ತು. ಅಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡವನೇ, "ಅಕಿ ಆಡ್ತಾಳಂತೇನು?" ಎಂದು ಕೇಳಿದ.

"ಆಡ್ತಾಳಂತ."

ಅಪ್ಪ ತಲೆಯಾಡಿಸಿದ. ನಾನು ಅಂವನ ಪಕ್ಕದಲ್ಲಿ ಕೂತು ಕಾಲು ಚಾಚಿ ಅಂವನ ತೊಡೆಯ ಮೇಲೆ ಇಟ್ಟೆ. ಬಸ್ಸಿನಲ್ಲಿ ಕೂತು ಕೂತು ಮೊಣಕಾಲು ಖರೇನೇ ನೋಯುತ್ತಿತ್ತು.

"ಅಪ್ಪಾ, ನೋಯಾಕತ್ತೈತಿ. ಒಂದೀಟ ತಿಕ್ಕು."

"ಅವ್ವಗ ಹೇಳು, ತಿಕ್ಕತಾಳ."

"ನೀನ ತಿಕ್ಕು. ನನಗ ನಿನ್ನ ಮ್ಯಾಲ ಯಾವ ಸಿಟ್ಟೂ ಇಲ್ಲಪ್ಪಾ."

"ಬ್ಯಾಡವ್ವ. ನನ್ನ ಕೈ ಬ್ಯಾಡ."

ನಾನೇ ಅಂವನ ಕೈ ಹಿಡಿದು ಹೊಲಿಗೆಯ ಗುರುತಿನ ಮೇಲೆ ಇಟ್ಟೆ. ಅಂವ ಕೈ ಕಸಿದುಕೊಳ್ಳಲಿಲ್ಲ. ಇಟ್ಟಲ್ಲೇ ಇತ್ತು, ನಡುಗುತ್ತಿರಲಿಲ್ಲ, ಬೆಚ್ಚಗಿತ್ತು. ಆದರೆ ಒಂದು ಬೆರಳೂ ಆಡಲಿಲ್ಲ. ಆಮೇಲೆ ಅಪ್ಪ ನನ್ನ ಕಾಲನ್ನು ಹುಷಾರಾಗಿ ಎತ್ತಿ ಕೆಳಗಿಟ್ಟು, ಎಮ್ಮೆಗೆ ನೀರು ಕುಡಿಸಬೇಕು ಎಂದು ಎದ್ದು ಹಿತ್ತಲಿಗೆ ಹೋದ.